ಪದದ ಅಕ್ಕಪಕ್ಕ ಜೋಡಿ ನಕ್ಷತ್ರ: ಏನಿದು ಮಾರ್ಕ್‌ಡೌನ್?

ಎಐ ಚಾಟ್‌ಬಾಟ್‌ಗೆ ಒಂದು ಪ್ರಶ್ನೆ ಕೇಳುತ್ತೀರಿ. ಉತ್ತರ ಅಚ್ಚುಕಟ್ಟಾಗಿ ಬರುತ್ತದೆ. ಮೇಲೊಂದು ದೊಡ್ಡ ತಲೆಬರಹ, ಕೆಳಗೆ ಚುಕ್ಕಿಯಿಟ್ಟ ಪಟ್ಟಿ, ಮುಖ್ಯ ಪದಗಳಿಗೆ ದಪ್ಪಕ್ಷರ. ಅದನ್ನೇ ನಕಲು ಮಾಡಿ ಇಮೇಲ್‌ಗೋ ಇನ್ನೊಂದು ಫೈಲಿಗೋ ಅಂಟಿಸಿದರೆ ಕೆಲವೊಮ್ಮೆ ಅಂದವೆಲ್ಲ ಮಾಯವಾಗಿರುತ್ತದೆ. ಸಾಲಿನ ಮೊದಲಲ್ಲಿ ಮೂರು ಮೂರು ಹ್ಯಾಶ್ (`#`) ಗುರುತು, ಪದಗಳ ಎರಡೂ ಬದಿಗೆ ಜೋಡಿ ನಕ್ಷತ್ರ. ಫೈಲು ಕೆಟ್ಟಿತೇ, ಫಾಂಟ್ ಕೈಕೊಟ್ಟಿತೇ ಎಂದು ಗಾಬರಿಯಾಗುತ್ತದೆ. ಏನೂ ಕೆಟ್ಟಿಲ್ಲ. ಆ ಉತ್ತರ ಮೊದಲಿನಿಂದ ಇದ್ದದ್ದೇ ಹಾಗೆ. ತೆರೆಯ ಮೇಲೆ ಕಂಡ ಅಂದ ಅದಕ್ಕೆ ಆಮೇಲೆ ತೊಡಿಸಿದ ಉಡುಪು.

ಈ ಗುರುತುಗಳ ಕಟ್ಟಿಗೆ ಮಾರ್ಕ್‌ಡೌನ್ ಎಂದು ಹೆಸರು. ಪ್ರೋಗ್ರಾಮರ್‌ಗಳು ಇಪ್ಪತ್ತು ವರ್ಷಗಳಿಂದ ಬಳಸುತ್ತಿದ್ದಾರೆ. ಪ್ರೋಗ್ರಾಮಿಂಗ್‌ನ ಗಂಧಗಾಳಿಯಿಲ್ಲದವರ ಕಣ್ಣಿಗೂ ಅದು ಬೀಳತೊಡಗಿರುವುದು ಈಚೆಗೆ. ಕಲಿಯಲು ಅರ್ಧ ಗಂಟೆ ಸಾಕು. ಆದರೆ ಅದು ಹೀಗೇಕಿದೆ, ಕೆಲವು ಸಲ ಏಕೆ ಹಟ ಮಾಡುತ್ತದೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

## ಹಸ್ತಪ್ರತಿಯ ಮೇಲಿನ ಗೀಚು

ಮಾರ್ಕಪ್ ಎಂಬ ಮಾತು ಕಂಪ್ಯೂಟರ್‌ನವರದಲ್ಲ, ಅಚ್ಚುಕೂಟದವರದು. ಲೇಖಕರ ಹಸ್ತಪ್ರತಿ ಮೊಳೆ ಜೋಡಿಸುವವರ ಕೈ ಸೇರುವ ಮುನ್ನ ಸಂಪಾದಕರು ಅದರ ಮೇಲೆ ಗುರುತು ಹಾಕುತ್ತಿದ್ದರು. ಪದದ ಕೆಳಗೆ ನೇರ ಗೆರೆ ಎಳೆದರೆ ಓರೆ ಅಕ್ಷರ, ಅಲೆಯಂಥ ಗೆರೆ ಎಳೆದರೆ ದಪ್ಪಕ್ಷರ. ಆ ಗೆರೆ ಪುಸ್ತಕದಲ್ಲಿ ಅಚ್ಚಾಗುತ್ತಿರಲಿಲ್ಲ. ಅದು ಓದುಗರಿಗೆ ಹೇಳಿದ್ದಲ್ಲ, ಮೊಳೆ ಜೋಡಿಸುವವರಿಗೆ ಹೇಳಿದ್ದು. ಬರಹ ಒಂದು, ಆ ಬರಹದ ಕುರಿತ ಸೂಚನೆ ಇನ್ನೊಂದು. ಎರಡೂ ಒಂದೇ ಹಾಳೆಯ ಮೇಲೆ. ಮಾರ್ಕಪ್ ಅಂದರೆ ಇಷ್ಟೇ.

ಕಂಪ್ಯೂಟರ್ ಬಂದಾಗಲೂ ಉಪಾಯ ಬದಲಾಗಲಿಲ್ಲ. 1969ರಲ್ಲಿ ಐಬಿಎಂನ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಶರ್ ಮತ್ತು ರೇಮಂಡ್ ಲೋರಿ ಜಿಎಂಎಲ್ ಎಂಬ ಮಾರ್ಕಪ್ ಭಾಷೆ ಕಟ್ಟಿದರು. ಮೂವರ ಹೆಸರಿನ ಮೊದಲಕ್ಷರಗಳೂ ಅದರಲ್ಲಿ ಅಡಗಿವೆ. ಅದರಿಂದ ಬೆಳೆದ ಎಸ್‌ಜಿಎಂಎಲ್ 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದೇ ವಂಶದ ನೆರಳಿನಲ್ಲಿ ಹುಟ್ಟಿದ್ದು ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್.

ಎಚ್‌ಟಿಎಂಎಲ್‌ನಲ್ಲಿ ಸೂಚನೆಗಳು ಕೋನಾಕಾರದ ಆವರಣದೊಳಗೆ ಕೂರುತ್ತವೆ. ಅವಕ್ಕೆ ಟ್ಯಾಗ್ ಎನ್ನುತ್ತಾರೆ. ‘ಇಲ್ಲಿಂದ ದಪ್ಪಕ್ಷರ ಶುರು’ ಎಂಬುದಕ್ಕೊಂದು ಟ್ಯಾಗ್, ‘ಇಲ್ಲಿಗೆ ಮುಗಿಯಿತು’ ಎಂಬುದಕ್ಕೊಂದು. ಮೂರೇ ಅಂಶಗಳ ಒಂದು ಪುಟ್ಟ ಪಟ್ಟಿಗೆ ಪಟ್ಟಿಯ ಹೊರಗಿನ ಎರಡು, ಒಳಗಿನ ಆರು, ಒಟ್ಟು ಎಂಟು ಟ್ಯಾಗ್. ಯಂತ್ರಕ್ಕೆ ಇದರಿಂದ ಯಾವ ತ್ರಾಸವೂ ಇಲ್ಲ. ಮನುಷ್ಯ ಅದನ್ನು ಬರೆಯುವುದಕ್ಕೂ ಓದುವುದಕ್ಕೂ ಬೇಸರ.

ವರ್ಡ್‌ನಂಥ ತಂತ್ರಾಂಶ ಇನ್ನೊಂದು ದಾರಿ ಹಿಡಿಯಿತು: ಸೂಚನೆಗಳನ್ನು ಕಣ್ಣಿಗೇ ಬೀಳದಂತೆ ಮುಚ್ಚಿಡುವುದು. ಬಟನ್ ಒತ್ತಿ, ಅಕ್ಷರ ದಪ್ಪವಾಗುತ್ತದೆ. ಒಳಗೆ ನಡೆದದ್ದೇನೆಂದು ನಮಗೆ ಕಾಣುವುದಿಲ್ಲ. ಇಂದಿನ ವರ್ಡ್ ಫೈಲ್ ಅಂದರೆ ಹಲವು ಫೈಲುಗಳನ್ನು ಜಿಪ್ ಮಾಡಿಟ್ಟ ಒಂದು ಗಂಟು. ಅದನ್ನು ಬಿಚ್ಚಿ ನೋಡಿದರೆ ನಿಮ್ಮ ಎರಡು ಸಾಲಿನ ಪತ್ರದ ಸುತ್ತ ಟ್ಯಾಗ್‌ಗಳ ಕಾಡೇ ಇರುತ್ತದೆ. ಆ ಗಂಟು ಬಿಚ್ಚಬಲ್ಲ ತಂತ್ರಾಂಶ ಕೈಲಿದ್ದರೆ ಸರಿ. ಇಲ್ಲದಿದ್ದರೆ ಒಳಗಿನ ಪತ್ರ ಓದುವಂತಿಲ್ಲ.

## ಇಮೇಲ್ ಬರೆಯುವವರ ರೂಢಿ

ಈ ಎರಡು ದಾರಿಗಳ ನಡುವೆ, ಯಾರೂ ಯೋಜಿಸದೆ ಮೂರನೆಯದೊಂದು ಸವೆದು ಮೂಡಿತ್ತು. ಹಳೆಯ ಇಮೇಲ್‌ಗಳಲ್ಲಿ ಬರಿಯ ಅಕ್ಷರ ಮಾತ್ರ ಹೋಗುತ್ತಿತ್ತು, ದಪ್ಪವಿಲ್ಲ, ಬಣ್ಣವಿಲ್ಲ. ಮಾತಿಗೆ ಒತ್ತು ಕೊಡಬೇಕೆನಿಸಿದಾಗ ಜನ ಪದದ ಎರಡೂ ಬದಿಗೆ ನಕ್ಷತ್ರ ಹಾಕಿದರು. ಪಟ್ಟಿ ಬೇಕಾದಾಗ ಸಾಲಿನ ಮೊದಲು ಅಡ್ಡಗೆರೆ ಇಟ್ಟರು. ಬೇರೆಯವರ ಮಾತನ್ನು ಉದ್ಧರಿಸುವಾಗ ಆ ಸಾಲಿನ ಮುಂದೆ `>` ಬಂತು. ತಲೆಬರಹದ ಕೆಳಗೆ `=====` ಎಂದು ಟೈಪಿಸಿ ಗೆರೆ ಎಳೆದರು. ಇದನ್ನು ಯಾರೂ ಯಾರಿಗೂ ಕಲಿಸಲಿಲ್ಲ. ನೋಡಿದವರಿಗೆ ತಾನಾಗಿ ಅರ್ಥವಾಯಿತು.

ಅಮೆರಿಕದ ಲೇಖಕ ಜಾನ್ ಗ್ರೂಬರ್ 2004ರಲ್ಲಿ ಈ ರೂಢಿಯನ್ನೇ ಕಟ್ಟುನಿಟ್ಟು ಮಾಡಿ ಮಾರ್ಕ್‌ಡೌನ್ ಎಂದು ಕರೆದರು. ಮಾರ್ಕ್ ‘ಅಪ್’ನ ಭಾರ ಇಳಿಸಿದ್ದರಿಂದ ಮಾರ್ಕ್ ‘ಡೌನ್’. ಅವರಿಗೆ ನೆರವಾದ ಆರನ್ ಸ್ವಾರ್ಟ್ಜ್‌ಗೆ ಆಗಿನ್ನೂ ಹದಿನೇಳು ವರ್ಷ. ತಲೆಬರಹಕ್ಕೆ ಹ್ಯಾಶ್ ಗುರುತು ಬಳಸುವ ಕ್ರಮ ಸ್ವಾರ್ಟ್ಜ್ 2002ರಲ್ಲಿ ಮಾಡಿದ್ದ ಎಟಿಎಕ್ಸ್ ಎಂಬ ಪುಟ್ಟ ಭಾಷೆಯಿಂದ ಬಂದದ್ದು. ಗ್ರೂಬರ್ ಎರಡು ವಸ್ತುಗಳನ್ನು ಕೊಟ್ಟರು: ಬರೆಯುವ ನಿಯಮಗಳು, ಮತ್ತು ಹಾಗೆ ಬರೆದದ್ದನ್ನು ಎಚ್‌ಟಿಎಂಎಲ್‌ಗೆ ತಿರುಗಿಸುವ ಪರ್ಲ್ ಭಾಷೆಯ ಒಂದು ಪ್ರೋಗ್ರಾಮ್. ಅವರ ಷರತ್ತು ಒಂದೇ. ಪ್ರೋಗ್ರಾಮ್ ಇಲ್ಲದಿದ್ದರೂ ಆ ಬರಹ ಇದ್ದಂತೆಯೇ ಓದಿಸಿಕೊಂಡು ಹೋಗಬೇಕು.

ಇಂಥ ಹಗುರ ಮಾರ್ಕಪ್ ಭಾಷೆಗಳು ಬೇರೆಯೂ ಇವೆ: ಟೆಕ್ಸ್‌ಟೈಲ್, ರೀಸ್ಟ್ರಕ್ಚರ್ಡ್‌ಟೆಕ್ಸ್ಟ್, ಆಸ್ಕಿಡಾಕ್, ವಿಕಿಪೀಡಿಯದ ವಿಕಿಪಠ್ಯ. ಕೆಲವು ಮಾರ್ಕ್‌ಡೌನ್‌ಗಿಂತ ಹೆಚ್ಚು ಶಕ್ತವೂ ಹೌದು. ಆದರೆ ಕಂಡಕೂಡಲೇ ಓದಲು ಬರುವ ಗುಣದಲ್ಲಿ ಮಾರ್ಕ್‌ಡೌನ್ ಒಂದು ಹೆಜ್ಜೆ ಮುಂದಿತ್ತು, ಹಾಗಾಗಿ ಅದೇ ಹಬ್ಬಿತು.

## ಒಂದು ಮಾದರಿ

ಗ್ರಂಥಾಲಯದ ಗೋಡೆಗೆ ಹಚ್ಚುವ ಒಂದು ಸೂಚನಾಪತ್ರ ಎಂದುಕೊಳ್ಳಿ.

```
# ಓದುವ ಕೋಣೆಯ ನಿಯಮಗಳು

ಒಳಗೆ **ಮೌನವಾಗಿರಿ**. ಪುಸ್ತಕವನ್ನು *ತೆಗೆದಲ್ಲೇ* ಇಡಿ.

## ಒಳಗೆ ತರಬಾರದ ವಸ್ತುಗಳು

- ಒದ್ದೆ ಕೊಡೆ
- ಶಾಯಿ ಬಾಟಲಿ

> ಹರಿದ ಪುಟ ಕಂಡರೆ ಅಂಟಿಸಬೇಡಿ, ತಿಳಿಸಿ.

ಉಳಿದದ್ದಕ್ಕೆ [ಪೂರ್ಣ ನಿಯಮಾವಳಿ](ವೆಬ್ ವಿಳಾಸ) ನೋಡಿ.
```

ಒಂದು ಹ್ಯಾಶ್ ಅಂದರೆ ಮುಖ್ಯ ತಲೆಬರಹ, ಎರಡು ಹ್ಯಾಶ್ ಅಂದರೆ ಅದರ ಕೆಳಗಿನ ಹಂತ. ಹೀಗೆ ಆರರವರೆಗೆ ಹೋಗಬಹುದು, ಎಚ್‌ಟಿಎಂಎಲ್‌ನಲ್ಲಿ ತಲೆಬರಹಕ್ಕೆ ಇರುವುದೇ ಆರು ಹಂತ. ಒಂಟಿ ನಕ್ಷತ್ರ ಓರೆ ಅಕ್ಷರಕ್ಕೆ, ಜೋಡಿ ನಕ್ಷತ್ರ ದಪ್ಪಕ್ಕೆ. ಕೊಂಡಿ ಹಾಕುವಾಗ ಚೌಕ ಆವರಣದಲ್ಲಿ ಕಾಣಬೇಕಾದ ಪದ, ದುಂಡು ಆವರಣದಲ್ಲಿ ಅದು ಕರೆದೊಯ್ಯಬೇಕಾದ ವಿಳಾಸ. ಈ ಕ್ರಮ ಅದಲುಬದಲಾಗುವುದು ಎಲ್ಲರಿಗೂ ಆಗುವ ತಪ್ಪು. ಇನ್ನು ಪ್ರೋಗ್ರಾಮ್‌ನ ಸಾಲುಗಳನ್ನೋ ಈ ಮೇಲಿನಂಥ ಮಾದರಿಯನ್ನೋ ಇದ್ದಂತೆಯೇ ತೋರಿಸಬೇಕಾದರೆ ಬ್ಯಾಕ್‌ಟಿಕ್ ಎಂಬ ಪುಟ್ಟ ಓರೆ ಗುರುತಿನ ನಡುವೆ ಇಡಬೇಕು. ದಿನಬಳಕೆಗೆ ಇಷ್ಟು ಬಂದರೆ ಮುಕ್ಕಾಲು ಪಾಲು ಬಂದಂತೆ.

ಇದನ್ನು ಬರೆಯಲು ವಿಶೇಷ ತಂತ್ರಾಂಶ ಬೇಕಿಲ್ಲ. ಅಕ್ಷರ ಟೈಪಿಸಲು ಬರುವ ಯಾವುದಾದರೂ ನಡೆಯುತ್ತದೆ. ಫೈಲಿನ ಹೆಸರಿನ ಕೊನೆಗೆ ಚುಕ್ಕಿಯಿಟ್ಟು ‘ಎಂಡಿ’ ಎಂಬ ಎರಡು ಇಂಗ್ಲಿಷ್ ಅಕ್ಷರ ಸೇರಿಸಿದರೆ ಇದು ಮಾರ್ಕ್‌ಡೌನ್ ಎಂದು ಇತರ ತಂತ್ರಾಂಶಗಳಿಗೆ ತಿಳಿಯುತ್ತದೆ.

## ಕಾಣುವುದು ಹೇಗೆ ಎಂದಲ್ಲ, ಅದು ಏನು ಎಂದು

ಮೇಲಿನ ಮಾದರಿಯಲ್ಲಿ ಒಂದು ಸಂಗತಿ ಎಲ್ಲಿಯೂ ಇಲ್ಲ: ತಲೆಬರಹ ಎಷ್ಟು ದೊಡ್ಡದಿರಬೇಕು, ಯಾವ ಫಾಂಟ್, ಯಾವ ಬಣ್ಣ. ‘ಇದು ತಲೆಬರಹ’ ಎಂದಷ್ಟೇ ಹೇಳಿದ್ದೇವೆ. ಹೇಗೆ ಕಾಣಬೇಕೆಂಬುದು ತೋರಿಸುವವರಿಗೆ ಬಿಟ್ಟದ್ದು.

ಮೊದಮೊದಲು ಇದು ಕೈ ಕಟ್ಟಿಹಾಕಿದಂತೆ ಅನಿಸುತ್ತದೆ. ವರ್ಡ್‌ನಲ್ಲಿ ನಮ್ಮಲ್ಲಿ ಹೆಚ್ಚಿನವರು ತಲೆಬರಹ ಮಾಡುವುದು ಹೀಗೆ: ಸಾಲನ್ನು ಆಯ್ದು, ಅಕ್ಷರ ದೊಡ್ಡದು ಮಾಡಿ, ದಪ್ಪ ಮಾಡುವುದು. ಕಣ್ಣಿಗೆ ಅದು ತಲೆಬರಹವೇ. ಕಂಪ್ಯೂಟರ್‌ಗೆ ಮಾತ್ರ ಅದು ದೊಡ್ಡ ಅಕ್ಷರದಲ್ಲಿರುವ ಇನ್ನೊಂದು ಪ್ಯಾರಾ. ಪರಿವಿಡಿ ತಯಾರಿಸು ಎಂದರೆ ಅದಕ್ಕೆ ಯಾವ ತಲೆಬರಹವೂ ಸಿಗುವುದಿಲ್ಲ. ಕಣ್ಣು ಕಾಣದವರು ಪುಟವನ್ನು ಸ್ಕ್ರೀನ್ ರೀಡರ್‌ನಿಂದ ಓದಿಸಿಕೊಳ್ಳುವಾಗ ಒಂದು ತಲೆಬರಹದಿಂದ ಮುಂದಿನದಕ್ಕೆ ಜಿಗಿಯುತ್ತಾರೆ. ಬರಿ ದೊಡ್ಡ ಅಕ್ಷರವಿದ್ದರೆ ಅವರಿಗೆ ಜಿಗಿಯಲು ಮೆಟ್ಟಿಲೇ ಇರುವುದಿಲ್ಲ. ಹ್ಯಾಶ್ ಹಾಕಿದ ಸಾಲಿಗೆ ಈ ತೊಂದರೆಯಿಲ್ಲ, ಏಕೆಂದರೆ ಅದು ಹುಟ್ಟಿದ್ದೇ ತಲೆಬರಹವಾಗಿ.

ರೂಪವನ್ನು ಬದಿಗಿಟ್ಟದ್ದರಿಂದ ಇನ್ನೂ ಒಂದು ಲಾಭವಾಯಿತು. ಒಂದೇ ಫೈಲಿನಿಂದ ವೆಬ್ ಪುಟ, ಪಿಡಿಎಫ್, ಇ-ಪುಸ್ತಕ, ವರ್ಡ್ ಕಡತ ಎಲ್ಲವನ್ನೂ ತೆಗೆಯಬಹುದು. ಈ ರೂಪಾಂತರಕ್ಕೆ ಹೆಸರಾದ ಪ್ಯಾಂಡಾಕ್ ಎಂಬ ಉಚಿತ ತಂತ್ರಾಂಶವನ್ನು 2006ರಲ್ಲಿ ಶುರುಮಾಡಿದ ಜಾನ್ ಮ್ಯಾಕ್‌ಫಾರ್ಲೇನ್ ವೃತ್ತಿಯಿಂದ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ಅವರ ಹೆಸರು ಮುಂದೆ ಮತ್ತೆ ಬರುತ್ತದೆ.

ಬರಿಯ ಅಕ್ಷರವಾದ್ದರಿಂದ ಎರಡು ಪ್ರತಿಗಳನ್ನು ಸಾಲುಸಾಲಾಗಿ ಹೋಲಿಸುವುದೂ ಸುಲಭ. ನಿನ್ನೆಯ ಕರಡಿಗೂ ಇಂದಿನದಕ್ಕೂ ಏನು ವ್ಯತ್ಯಾಸ ಎಂದು ಗಿಟ್‌ನಂಥ ಸಾಧನ ಥಟ್ಟನೆ ತೋರಿಸುತ್ತದೆ. ಪ್ರೋಗ್ರಾಮರ್‌ಗಳು ಮಾರ್ಕ್‌ಡೌನ್‌ಗೆ ಒಲಿದದ್ದಕ್ಕೆ ಇದೊಂದು ದೊಡ್ಡ ಕಾರಣ.

ಆಗದ ಕೆಲಸಗಳೂ ಇವೆ. ಪತ್ರಿಕೆಯ ಪುಟದಂತೆ ಕಾಲಂಗಳಾಗಿ ಒಡೆಯುವುದು, ಚಿತ್ರದ ಸುತ್ತ ಪಠ್ಯ ಹರಿಸುವುದು, ಆಮಂತ್ರಣ ಪತ್ರದ ಅಲಂಕಾರ ಇವೆಲ್ಲ ಮಾರ್ಕ್‌ಡೌನ್‌ನ ಕೈಯಳತೆಯಲ್ಲಿಲ್ಲ. ಪದದ ಕೆಳಗೆ ಗೆರೆ ಎಳೆಯಲು ಒಂದು ಗುರುತೂ ಇಲ್ಲ. ವೆಬ್‌ನಲ್ಲಿ ಗೆರೆಯಿದ್ದರೆ ಅದು ಕೊಂಡಿ ಎಂದೇ ಓದುಗರು ತಿಳಿಯುವುದರಿಂದ ಅದು ಇಲ್ಲದ್ದೇ ವಾಸಿ.

## ಯಂತ್ರ ಇದನ್ನು ಓದುವ ಬಗೆ

ಮಾರ್ಕ್‌ಡೌನ್ ಓದುವ ಪ್ರೋಗ್ರಾಮ್ ಸಾಮಾನ್ಯವಾಗಿ ಎರಡು ಸುತ್ತು ಬರುತ್ತದೆ. ಮನೆ ಕಟ್ಟುವವರು ಮೊದಲು ಗೋಡೆ ಎಬ್ಬಿಸಿ ಕೋಣೆಗಳನ್ನು ಮಾಡಿಕೊಂಡು, ಆಮೇಲೆ ಒಂದೊಂದೇ ಕೋಣೆಗೆ ಬಣ್ಣ ಬಳಿಯುವಂತೆ. ಮೊದಲ ಸುತ್ತಿನಲ್ಲಿ ಪ್ರತಿ ಸಾಲಿನ ಆರಂಭ ನೋಡಿ, ಇದು ತಲೆಬರಹ, ಇದು ಪಟ್ಟಿ, ಇದು ಪ್ಯಾರಾ ಎಂದು ವಿಂಗಡಿಸುತ್ತದೆ. ಎರಡನೆಯ ಸುತ್ತಿನಲ್ಲಿ ಪ್ರತಿ ತುಂಡಿನೊಳಗೆ ಇಳಿದು ನಕ್ಷತ್ರ, ಆವರಣಗಳನ್ನು ಹುಡುಕುತ್ತದೆ. ಒಂದು ಪ್ಯಾರಾದಲ್ಲಿ ನಕ್ಷತ್ರ ಮುಚ್ಚಲು ಮರೆತರೂ ಇಡೀ ಲೇಖನ ದಪ್ಪವಾಗದಿರುವುದು ಇದರಿಂದಲೇ. ಆ ಬಣ್ಣ ಗೋಡೆ ದಾಟುವುದಿಲ್ಲ.

ಕೋಣೆಗಳ ನಡುವಿನ ಮುಖ್ಯ ಗೋಡೆ ಖಾಲಿ ಸಾಲು. ಎಂಟರ್ ಒಂದೇ ಸಲ ಒತ್ತಿದರೆ ಹೊಸ ಪ್ಯಾರಾ ಆಗುವುದಿಲ್ಲ. ಎರಡೂ ಸಾಲು ಒಂದರ ಹಿಂದೆ ಒಂದು ಹರಿದು ಕೂಡಿಕೊಳ್ಳುತ್ತವೆ. ಗದ್ಯ ಬರೆಯುವವರಿಗೆ ಇದರಿಂದ ನಷ್ಟವಿಲ್ಲ. ಪದ್ಯ ಬರೆಯುವವರಿಗೆ ಮಾತ್ರ ನಾಲ್ಕು ಸಾಲಿನ ಚೌಪದಿ ಒಂದೇ ಉದ್ದ ವಾಕ್ಯವಾಗಿ ಮಲಗಿದ್ದು ಕಂಡು ಎದೆ ಧಸಕ್ಕೆನ್ನುತ್ತದೆ. ಸಾಲು ಅಲ್ಲೇ ಮುರಿಯಬೇಕಾದರೆ ಅದರ ಕೊನೆಗೆ ಎರಡು ಖಾಲಿ ಜಾಗ ಬಿಡಬೇಕು ಎಂಬುದು ಗ್ರೂಬರ್ ಅವರ ನಿಯಮ. ಕಣ್ಣಿಗೆ ಕಾಣದ ಗುರುತು! ಕಂಡದ್ದೇ ಅರ್ಥವಾಗಬೇಕೆಂದು ಹೊರಟ ಭಾಷೆಯಲ್ಲಿ ಇದೊಂದು ದೊಡ್ಡ ಎಡವಟ್ಟು ಎಂದೇ ನನ್ನ ಎಣಿಕೆ. ಈಚಿನ ಪ್ರಭೇದಗಳಲ್ಲಿ ಸಾಲಿನ ಕೊನೆಗೆ `\` ಹಾಕಿದರೂ ನಡೆಯುತ್ತದೆ.

ಎಡವುವ ಜಾಗಗಳು ಇನ್ನೂ ಇವೆ. ಪ್ಯಾರಾದ ಮೊದಲ ಸಾಲನ್ನು ನಾಲ್ಕು ಖಾಲಿ ಜಾಗ ಬಿಟ್ಟು ಶುರುಮಾಡುವ ಅಭ್ಯಾಸವಿದ್ದರೆ, ಯಂತ್ರ ಅದನ್ನು ಪ್ರೋಗ್ರಾಮ್‌ನ ಸಾಲು ಎಂದು ತಿಳಿದು ಬೇರೆ ಪೆಟ್ಟಿಗೆಯಲ್ಲಿಡುತ್ತದೆ. ಸಾಲಿನ ಕೆಳಗೇ `---` ಎಂದು ಗೆರೆ ಎಳೆದರೆ ಮೇಲಿನ ಸಾಲು ತಲೆಬರಹವಾಗಿಬಿಡುತ್ತದೆ. ನಡುವೆ ಖಾಲಿ ಸಾಲು ಬಿಟ್ಟರಷ್ಟೇ ಅದು ಅಡ್ಡಗೆರೆ. ಗುಣಾಕಾರಕ್ಕೆ ನಕ್ಷತ್ರ ಬಳಸಿ `5*3*2` ಎಂದು ಬರೆದರಂತೂ ಯಂತ್ರ ಎರಡು ನಕ್ಷತ್ರಗಳನ್ನು ನುಂಗಿ, ನಡುವಿನ ಮೂರನ್ನು ವಾಲಿಸಿ, 532 ಎಂದು ತೋರಿಸುತ್ತದೆ. ನಕ್ಷತ್ರ ನಕ್ಷತ್ರವಾಗಿಯೇ ಉಳಿಯಬೇಕಾದರೆ ಅದರ ಹಿಂದೆ `\` ಹಾಕಿ `5\*3\*2` ಎಂದು ಬರೆಯಬೇಕು.

## ಒಂದೇ ಹೆಸರು, ಹಲವು ಒಕ್ಕಲು

ಗ್ರೂಬರ್ ಅವರ ನಿಯಮಗಳು ಮನುಷ್ಯರಿಗೆ ಸಾಕಾಗುವಷ್ಟು ಸ್ಪಷ್ಟವಾಗಿದ್ದವು, ಪ್ರೋಗ್ರಾಮ್ ಬರೆಯುವವರಿಗೆ ಸಾಲುತ್ತಿರಲಿಲ್ಲ. ನಕ್ಷತ್ರದೊಳಗೆ ನಕ್ಷತ್ರ ಬಂದರೆ ಯಾವುದು ಯಾವುದಕ್ಕೆ ಜೋಡಿ? ಪಟ್ಟಿಯೊಳಗಿನ ಪಟ್ಟಿಗೆ ಎಷ್ಟು ಜಾಗ ಬಿಡಬೇಕು? ಒಬ್ಬೊಬ್ಬರು ಒಂದೊಂದು ಉತ್ತರ ಕಂಡುಕೊಂಡರು. ಕೋಷ್ಟಕ, ಅಡಿಟಿಪ್ಪಣಿ, ಗುರುತು ಹಾಕುವ ಚೌಕವಿರುವ ಪಟ್ಟಿ ಇವೆಲ್ಲ ಮೂಲದಲ್ಲಿ ಇರಲಿಲ್ಲ. ಬೇಕಾದವರು ಬೇಕಾದಂತೆ ಸೇರಿಸಿಕೊಂಡರು.

2014ರಲ್ಲಿ ಮ್ಯಾಕ್‌ಫಾರ್ಲೇನ್, ಜೆಫ್ ಆಟ್‌ವುಡ್ ಮತ್ತಿತರರು ಈ ಗೊಂದಲಕ್ಕೆ ಮದ್ದರೆಯಲು ಹೊರಟರು. ‘ಸ್ಟ್ಯಾಂಡರ್ಡ್ ಮಾರ್ಕ್‌ಡೌನ್’ ಎಂದು ಅವರಿಟ್ಟ ಹೆಸರನ್ನು ಗ್ರೂಬರ್ ಒಪ್ಪಲಿಲ್ಲ. ಕೊನೆಗೆ ಅದು ‘ಕಾಮನ್‌ಮಾರ್ಕ್’ ಆಯಿತು. ಅದರ ನಿಯಮಾವಳಿಯಲ್ಲಿ 600ಕ್ಕೂ ಹೆಚ್ಚು ಉದಾಹರಣೆಗಳಿವೆ. ದಪ್ಪ ಮತ್ತು ಓರೆ ಅಕ್ಷರಕ್ಕೇ 17 ನಿಯಮ. ಅರ್ಧ ಗಂಟೆಯಲ್ಲಿ ಕಲಿಯುವ ಭಾಷೆಯ ಬೆನ್ನ ಹಿಂದೆ ಇಷ್ಟೊಂದು ಕಟ್ಟಳೆ ಇರುವುದು ನಗು ತರಿಸಬಹುದು, ಆದರೆ ಬರೆಯುವವರಿಗೆ ಸುಲಭವಾಗಲು ಓದುವ ಯಂತ್ರ ಅಷ್ಟು ಕಷ್ಟಪಡಲೇಬೇಕು. ಪ್ರೋಗ್ರಾಮರ್‌ಗಳು ತಮ್ಮ ಕೆಲಸ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ 2017ರಲ್ಲಿ ತನ್ನ ಪ್ರಭೇದದ ನಿಯಮಗಳನ್ನು ಇದರ ಮೇಲೆಯೇ ಕಟ್ಟಿ ಪ್ರಕಟಿಸಿತು.

ವಾಟ್ಸ್‌ಆ್ಯಪ್‌ನದು ಈ ವಂಶಕ್ಕೆ ದೂರದ ನೆಂಟಸ್ತನ. ಅಲ್ಲಿ ಒಂಟಿ ನಕ್ಷತ್ರ ಹಾಕಿದರೆ ಓರೆಯಲ್ಲ, ದಪ್ಪ; ಓರೆಗೆ ಅಂಡರ್‌ಸ್ಕೋರ್ (`_`). ಚಾಟ್‌ಬಾಟ್‌ನ ಉತ್ತರವನ್ನು ಅಲ್ಲಿ ಅಂಟಿಸಿದಾಗ ಜೋಡಿ ನಕ್ಷತ್ರದ ಲೆಕ್ಕ ತಪ್ಪುವುದು ಈ ಕಾರಣಕ್ಕೆ.

## ಕನ್ನಡದ ಪ್ರತ್ಯಯ ಎದುರಾದಾಗ

ಮಾರ್ಕ್‌ಡೌನ್ ಹುಟ್ಟಿದ್ದು ಪದಗಳ ನಡುವೆ ಜಾಗ ಬಿಟ್ಟು ಬರೆಯುವ ಇಂಗ್ಲಿಷ್‌ನಲ್ಲಿ. ಅಲ್ಲಿ ‘ರಲ್ಲಿ’, ‘ಇಂದ’, ‘ಗೆ’ಗಳಿಗೆ ಬದಲು ಬಿಡಿ ಪದಗಳಿವೆ. ಕನ್ನಡದಲ್ಲಿ ಅವು ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ, ಅಲ್ಲೇ ತಕರಾರು ಶುರು.

`**ಮರ**ದಲ್ಲಿ` ಎಂದು ಬರೆದರೆ ‘ಮರ’ ದಪ್ಪವಾಗುತ್ತದೆ. ಅದೇ ಅಂಡರ್‌ಸ್ಕೋರ್ ಬಳಸಿ `_ಮರ_ದಲ್ಲಿ` ಎಂದರೆ ಕಾಮನ್‌ಮಾರ್ಕ್ ಪ್ರಕಾರ ಏನೂ ಆಗುವುದಿಲ್ಲ. ಪ್ರೋಗ್ರಾಮರ್‌ಗಳು ಎರಡು ಪದಗಳನ್ನು ಅಂಡರ್‌ಸ್ಕೋರ್‌ನಿಂದ ಬೆಸೆದು ಹೆಸರಿಡುವುದರಿಂದ, ಪದದ ನಡುವೆ ಬಂದ ಅಂಡರ್‌ಸ್ಕೋರ್‌ಗೆ ಒತ್ತಿನ ಅರ್ಥ ಕೊಡಬಾರದೆಂದು ನಿಯಮ. ಹಾಗಾಗಿ ಕನ್ನಡ ಬರೆಯುವವರು ನಕ್ಷತ್ರವನ್ನೇ ನೆಚ್ಚುವುದು ಒಳ್ಳೆಯದು.

ನಕ್ಷತ್ರವೂ ಒಂದು ಕಡೆ ಕೈಕೊಡುತ್ತದೆ. `**“ಮರ”**ದಲ್ಲಿ` ಎಂದು ಬರೆದು ನೋಡಿ. ಉದ್ಧರಣ ಚಿಹ್ನೆಯ ನಂತರ ಬಂದು, ಮುಂದೆ ನೇರವಾಗಿ ಅಕ್ಷರಕ್ಕೆ ತಾಗಿದ ನಕ್ಷತ್ರವನ್ನು ಯಂತ್ರ ಮುಚ್ಚುವ ಗುರುತಾಗಿ ಒಪ್ಪುವುದಿಲ್ಲ. ನಾಲ್ಕೂ ನಕ್ಷತ್ರ ಹಾಗೆಯೇ ಉಳಿಯುತ್ತವೆ. ಉದ್ಧರಣ ಚಿಹ್ನೆಯನ್ನು ಹೊರಗಿಟ್ಟು `“**ಮರ**”ದಲ್ಲಿ` ಎಂದರೆ ಸರಿಹೋಗುತ್ತದೆ. ಇನ್ನು ‘ಊರಿಗೆ’ ಎಂಬಲ್ಲಿ ‘ಊರು’ ಮಾತ್ರ ದಪ್ಪವಾಗಲಿ ಎಂದು ಹೊರಟರೆ ಗುಡಿಸು ಒಂದು ಕಡೆ, ರಕಾರ ಇನ್ನೊಂದು ಕಡೆ ಆಗುತ್ತದೆ. ಇಡೀ ಪದವನ್ನೇ ದಪ್ಪ ಮಾಡುವುದು ಲೇಸು.

ಅಂಕಿಪಟ್ಟಿಗೆ ಕನ್ನಡದ ಅಂಕಿಗಳೂ ಆಗವು. `1.` ಎಂದರೆ ಪಟ್ಟಿಯಾಗುತ್ತದೆ, `೧.` ಎಂದರೆ ಸಾದಾ ಪ್ಯಾರಾ. ಓರೆ ಅಕ್ಷರದ ಬಗ್ಗೆ ಒಂದು ಮಾತು: ಬಹುತೇಕ ಕನ್ನಡ ಫಾಂಟ್‌ಗಳಲ್ಲಿ ಓರೆ ಅಕ್ಷರದ ಪ್ರತ್ಯೇಕ ವಿನ್ಯಾಸವಿಲ್ಲ. ನೆಟ್ಟಗಿರುವುದನ್ನೇ ಬ್ರೌಸರ್ ಬಲಕ್ಕೆ ವಾಲಿಸುತ್ತದೆ. ನೋಡಲು ಸೊಗಸಿಲ್ಲ, ಒತ್ತು ಬೇಕಾದಲ್ಲಿ ದಪ್ಪವೇ ಇರಲಿ.

## ಚಾಟ್‌ಬಾಟ್ ಏಕೆ ಹೀಗೇ ಬರೆಯುತ್ತದೆ?

ಚಾಟ್‌ಬಾಟ್‌ನ ಒಳಗೆ ಉತ್ತರ ಬರೆಯುವ ಭಾಷಾ ಮಾದರಿಗೆ ಬಟನ್ ಒತ್ತಲು ಕೈಯಿಲ್ಲ. ಅದು ಪಠ್ಯದ ತುಣುಕುಗಳನ್ನು ಒಂದಾದ ಮೇಲೊಂದರಂತೆ ಉದುರಿಸುತ್ತ ಹೋಗುತ್ತದೆ, ಅಷ್ಟೇ. ತಲೆಬರಹ, ಪಟ್ಟಿ, ಒತ್ತು ಎಲ್ಲವನ್ನೂ ಆ ಅಕ್ಷರಗಳ ಸಾಲಿನೊಳಗೇ ಹೇಳಬೇಕು. ಅದಕ್ಕೆ ಅತಿ ಕಡಿಮೆ ಅಕ್ಷರ ಬೇಡುವ ದಾರಿ ಮಾರ್ಕ್‌ಡೌನ್. ಆ್ಯಪ್ ಅದನ್ನು ಓದಿ ಉಡುಪು ತೊಡಿಸುತ್ತದೆ. ಉತ್ತರ ಇನ್ನೂ ಮೂಡುತ್ತಿರುವಾಗ ಕೆಲವೊಮ್ಮೆ ಒಂದು ಕ್ಷಣ ನಕ್ಷತ್ರಗಳು ಇಣುಕಿ ಮರೆಯಾಗುವುದನ್ನು ಗಮನಿಸಿರಬಹುದು. ತೆರೆಯುವ ಜೋಡಿ ಬಂದಿದೆ, ಮುಚ್ಚುವ ಜೋಡಿ ಇನ್ನೂ ಬಂದಿಲ್ಲ; ಬಂದೊಡನೆ ಪದ ದಪ್ಪವಾಗುತ್ತದೆ.

## ಅಂಟಿಸಿದ್ದನ್ನು ಸರಿಮಾಡುವುದು

ಚಾಟ್‌ಬಾಟ್‌ನ ಕೆಳಗಿರುವ ‘ನಕಲಿಸು’ ಬಟನ್ ಒತ್ತಿದರೆ ಹಲವು ಸಲ ಸಿಗುವುದು ಮಾರ್ಕ್‌ಡೌನ್ ರೂಪ. ತೆರೆಯ ಮೇಲಿನ ಪಠ್ಯವನ್ನು ಬೆರಳಿನಿಂದಲೋ ಮೌಸ್‌ನಿಂದಲೋ ಆಯ್ದು ನಕಲಿಸಿದರೆ ಉಡುಪು ತೊಟ್ಟ ರೂಪ ಬರುವ ಸಾಧ್ಯತೆ ಹೆಚ್ಚು. ಮೊದಲು ಇದನ್ನು ಮಾಡಿ ನೋಡಬಹುದು.

ಗೂಗಲ್ ಡಾಕ್ಸ್ ಬಳಸುವವರಿಗೆ ಇನ್ನೂ ಸುಲಭ. ಅದರ ಟೂಲ್ಸ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಮಾರ್ಕ್‌ಡೌನ್ ಆಯ್ಕೆಯನ್ನು ಚಾಲೂ ಮಾಡಿದರೆ, ಬಲ ಕ್ಲಿಕ್‌ನಲ್ಲಿ ‘ಪೇಸ್ಟ್ ಫ್ರಮ್ ಮಾರ್ಕ್‌ಡೌನ್’ ಸಿಗುತ್ತದೆ. 2024ರಿಂದ ಇರುವ ಸೌಲಭ್ಯವಿದು. ಹ್ಯಾಶ್‌ಗಳು ತಲೆಬರಹವಾಗಿ, ನಕ್ಷತ್ರಗಳು ದಪ್ಪಕ್ಷರವಾಗಿ ಇಳಿಯುತ್ತವೆ. ವಿಂಡೋಸ್‌ನ ನೋಟ್‌ಪ್ಯಾಡ್ ಕೂಡ 2025ರಲ್ಲಿ ಮಾರ್ಕ್‌ಡೌನ್ ಓದಲು ಕಲಿಯಿತು. ಉದ್ದದ ಕಡತವಾದರೆ ‘ಎಂಡಿ’ ಫೈಲಾಗಿ ಉಳಿಸಿ ಪ್ಯಾಂಡಾಕ್‌ಗೆ ಕೊಟ್ಟರೆ ವರ್ಡ್ ಫೈಲ್ ಮಾಡಿಕೊಡುತ್ತದೆ.

ಗುರುತುಗಳೇ ಬೇಡವೆಂದಾದರೆ ಜೋಡಿ ನಕ್ಷತ್ರವನ್ನು ‘ಹುಡುಕಿ ಬದಲಿಸು’ ಎಂಬಲ್ಲಿ ಕೊಟ್ಟು, ಬದಲಿಸುವ ಜಾಗವನ್ನು ಖಾಲಿ ಬಿಟ್ಟರೆ ಒಂದೇ ಏಟಿಗೆ ಹೋಗುತ್ತವೆ. ಒಂಟಿ ನಕ್ಷತ್ರಕ್ಕೆ ಹೀಗೆ ಮಾಡುವ ಮುನ್ನ ಪಠ್ಯದಲ್ಲಿ ಎಲ್ಲಾದರೂ ಗುಣಾಕಾರವಿದೆಯೇ ಎಂದು ನೋಡಿಕೊಳ್ಳಿ.